ತಪ್ಪಿದ ಹೊಲಿಗೆ ಬಿಚ್ಚಿ ಕಲಿಸುವ ಕ್ಲಾಸು: ಬಳ್ಳಾರಿಯಲ್ಲಿ ನನ್ನ ಮಗ ಓದು ಕಲಿತ ಜಾಗ

ನಮ್ಮ ಜೀನ್ಸ್ ಹೊಲಿಗೆ ಯೂನಿಟ್‌ನಲ್ಲಿ ಮೂರು ಜನ ಕೇಳಿದರು. "ಅಕ್ಕಾ, ನಿಮ್ಮ ಹುಡುಗ ಈಗ ಓದ್ತಾನಂತಲ್ಲ, ಎಲ್ಲಿಗೆ ಕಳಿಸ್ತೀರಿ?" ಮಧ್ಯಾಹ್ನ ಬುತ್ತಿ ಬಿಚ್ಚಿ ಕಟ್ಟುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯ ಕೌಲ್ ಬಜಾರ್‌ನವಳು. ಹದಿನಾಲ್ಕು ವರ್ಷದಿಂದ ಜೀನ್ಸ್ ಹೊಲಿಯುತ್ತೇನೆ, ಪೀಸ್ ಲೆಕ್ಕದಲ್ಲಿ. ನಮ್ಮ ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಎಂಟನೇ ಕ್ಲಾಸು, ಓದಿನಲ್ಲಿ ಮುಂದೆ. ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಓದು ಕೂಡದ ಮಕ್ಕಳಿಗೆ ಓದು ಕಲಿಸುವ ಒಂದು ಕ್ಲಾಸಿಗೆ ಹೋಗುತ್ತಾನೆ, ಈ ಬರಹ ಅದರ ಬಗ್ಗೆ. ನಾಲ್ಕನೇ ಕ್ಲಾಸಿನ ಜೂನ್‌ನಲ್ಲಿ ಸೇರಿಸಿದ್ದು, ಇಪ್ಪತ್ತು ತಿಂಗಳಾಯಿತು.

ಕ್ಲಾಸು ಇರುವುದು ಗಾಂಧಿನಗರದ ಕಡೆ ಒಂದು ಮನೆಯ ಮೊದಲನೇ ಮಹಡಿಯಲ್ಲಿ. ಹೊರಗೆ ಬೋರ್ಡ್ ಇಲ್ಲ. ನಡೆಸುವವರು ಅತ್ತೆ ಮತ್ತು ಸೊಸೆ. ಅತ್ತೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು. ಸೊಸೆ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಿದವರು. ಮಕ್ಕಳ ಬಾಯಲ್ಲಿ ಅವರು ದೊಡ್ಡ ಮೇಡಂ, ಚಿಕ್ಕ ಮೇಡಂ. ಹೆಸರು, ನಂಬರ್ ಹಾಕಬೇಡಮ್ಮ ಎಂದು ದೊಡ್ಡ ಮೇಡಂ ಖಂಡಿತವಾಗಿ ಹೇಳಿದ್ದಾರೆ. ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಅವರು ತೆಗೆದುಕೊಳ್ಳುವುದಿಲ್ಲ, ಬಂದವರನ್ನು ವಾಪಸ್ ಕಳಿಸುವುದು ಅವರಿಗೆ ಕಷ್ಟ. ಹೆಸರಿಲ್ಲದ ಮೇಲೆ ಬರೆದು ಏನು ಉಪಯೋಗ ಅಂತ ನೀವು ಕೇಳಬಹುದು. ಸಿರುಗುಪ್ಪದಲ್ಲೋ ಸಂಡೂರಿನಲ್ಲೋ ನೀವು ಇಂಥದ್ದೇ ಕ್ಲಾಸು ಹುಡುಕುತ್ತಿದ್ದರೆ ಏನು ನೋಡಬೇಕು, ಏನು ಕೇಳಬೇಕು ಅನ್ನುವುದು ಗೊತ್ತಾಗಲಿ. ನನಗೆ ಅದು ಗೊತ್ತಿಲ್ಲದೆ ಎರಡು ವರ್ಷ ಹಾಳಾಯಿತು.

ಆ ಎರಡು ವರ್ಷದ ಮಾತು ಸ್ವಲ್ಪ ಹೇಳಲೇಬೇಕು.

ಒಂದನೇ ಕ್ಲಾಸು ಮುಗಿಯುವವರೆಗೆ ನನಗೆ ಅನುಮಾನವೇ ಬಂದಿರಲಿಲ್ಲ. ಪಾಠ ಓದು ಅಂದರೆ ಗಡಗಡ ಓದುತ್ತಿದ್ದ. ಎರಡನೇ ಕ್ಲಾಸಿನಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್ ಹಿಡಿದು ನಾನು ಪುಟ ತಿರುವಿದೆ, ಅವನು ನೋಡಲಿಲ್ಲ. ಹಿಂದಿನ ಪುಟದ ಸಾಲನ್ನೇ ಹೇಳುತ್ತಾ ಹೋದ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅಂದೆ. ಸುಮ್ಮನಾದ. ಇನ್ನೊಂದು ಪದ. ಅದಕ್ಕೂ ಸುಮ್ಮನೆ. ಅಷ್ಟು ದಿನ ಅಕ್ಕ ಜೋರಾಗಿ ಓದುವುದನ್ನು ಕೇಳಿ ಕೇಳಿ ಪಾಠ ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದ, ಒಂದು ಅಕ್ಷರವನ್ನೂ ಓದದೆ. ಎಷ್ಟು ಕಷ್ಟಪಟ್ಟಿರಬೇಕು ನೋಡಿ ಆ ಮಗು.

ನೋಟ್‌ಬುಕ್ ತೆಗೆದು ನೋಡಿದರೆ "ಮರ" ಅನ್ನುವುದು "ಯರ" ಆಗಿತ್ತು. "ಸೂರ್ಯ" ಅನ್ನುವುದು "ಸೂಯರ" ಆಗಿತ್ತು. ಒತ್ತಕ್ಷರಗಳು ಒಂದೂ ಇರಲಿಲ್ಲ, "ಅಕ್ಕ" ಎಲ್ಲ ಕಡೆ "ಅಕ". ಬೋರ್ಡ್ ನೋಡಿ ಬರೆದುಕೊಂಡ ಪುಟಗಳಲ್ಲಿ ಮೂರು ಸಾಲು ಇದ್ದವು, ಆಮೇಲೆ ಖಾಲಿ.

ಆಗ ಅವನು ಓದುತ್ತಿದ್ದ ಶಾಲೆಯಲ್ಲಿ ಅವನನ್ನು ಹಿಂದಿನ ಬೆಂಚಿಗೆ ಹಾಕಿದ್ದರು. ಗಮನ ಇಲ್ಲ, ಸೋಮಾರಿ ಅಂತ ಡೈರಿಯಲ್ಲಿ ಬರೆದು ಕಳಿಸುತ್ತಿದ್ದರು. ನಾನೂ ಹೊಡೆದಿದ್ದೇನೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಒಂದಾದ ಮೇಲೆ ಒಂದು ಮೂರು ಟ್ಯೂಷನ್ ಬದಲಿಸಿದೆ. ಮೂರರಲ್ಲೂ ಒಂದೇ ಮದ್ದು: ಅದೇ ಪಾಠವನ್ನು ಹತ್ತು ಸಲ ಬರಿ. ಒಬ್ಬರು ನೆಂಟರು ಹೇಳಿದರು ಅಂತ ಮಿದುಳು ಚುರುಕು ಮಾಡುತ್ತೇವೆ ಅನ್ನುವ ಎರಡು ದಿನದ "ಮಿಡ್‌ಬ್ರೈನ್" ಶಿಬಿರಕ್ಕೂ ಕಳಿಸಿದೆ. ಹನ್ನೆರಡು ಸಾವಿರ ರೂಪಾಯಿ, ಚೀಟಿ ದುಡ್ಡು. ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಹೇಳಿಸಿದರು. ಮನೆಗೆ ಬಂದ ಮೇಲೆ ಮಗ ಅಳುತ್ತಾ ಹೇಳಿದ, "ಅಮ್ಮಾ, ಮೂಗಿನ ಸಂದಿಯಲ್ಲಿ ಕಾಣ್ತಿತ್ತು. ಕಾಣಲ್ಲ ಅಂದ್ರೆ ಬೈತಾರೆ ಅಂತ ಹೇಳಲಿಲ್ಲ." ದಯವಿಟ್ಟು ಅಂಥ ಕಡೆ ದುಡ್ಡು ಹಾಕಬೇಡಿ. ಕಣ್ಣು ಕಟ್ಟಿಕೊಂಡು ಯಾರೂ ಓದಲು ಆಗುವುದಿಲ್ಲ.

ಹೊಲಿಗೆ ಗೊತ್ತಿರುವವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಸೈಡ್ ಹೊಲಿಗೆ ಸೊಟ್ಟ ಬಂದರೆ ಅದರ ಮೇಲೆ ಮತ್ತೆ ಹತ್ತು ಸಲ ಹೊಲಿದರೂ ನೆಟ್ಟಗಾಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೇ. ಎಲ್ಲಿಂದ ಸೊಟ್ಟ ಹೋಗಿದೆ ಅಂತ ನೋಡಿ, ಅಲ್ಲಿಯವರೆಗೆ ಬಿಚ್ಚಬೇಕು. ಟ್ಯೂಷನ್‌ಗಳು ಮೇಲೆ ಮೇಲೆ ಹೊಲಿದವು. ಈ ಕ್ಲಾಸಿನಲ್ಲಿ ಬಿಚ್ಚಿದರು.

ಮೊದಲನೇ ದಿನ ಅವರು ಫೀಸಿನ ಮಾತೇ ಎತ್ತಲಿಲ್ಲ. ಒಂದೂವರೆ ಗಂಟೆ ಬರೀ ಕೇಳಿದರು. ಕಣ್ಣು ತೋರಿಸಿದ್ದೀರಾ? ಕಿವಿ? ಮಾತು ಯಾವಾಗ ಬಂತು? ಕಿವಿ ಸೋರುತ್ತಿತ್ತಾ? ಮನೆಯಲ್ಲಿ ಯಾವ ಭಾಷೆ? ಈ ಕೊನೆಯ ಪ್ರಶ್ನೆ ನಮ್ಮ ಬಳ್ಳಾರಿಯಲ್ಲಿ ತುಂಬ ಮುಖ್ಯ ಅಂತ ಆಮೇಲೆ ತಿಳಿಯಿತು. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ, ಹೀಗಿರುವ ಮಗು ಓದಿನಲ್ಲಿ ಹಿಂದೆ ಬಿದ್ದರೆ ಅದು ಭಾಷೆ ಹೊಸದಾದ್ದರಿಂದಲೂ ಇರಬಹುದು. ಅದಕ್ಕೆ ಬೇಕಾದ್ದು ಬೇರೆ, ನನ್ನ ಮಗನಂಥವರಿಗೆ ಬೇಕಾದ್ದು ಬೇರೆ. ನಮ್ಮ ಮನೆಮಾತು ಕನ್ನಡವೇ.

ಆಮೇಲೆ ದೊಡ್ಡ ಮೇಡಂ ಕೇಳಿದರು, "ಮನೆಯಲ್ಲಿ ಇನ್ನ್ಯಾರಿಗಾದರೂ ಓದೋದು ಹೀಗೇ ಕಷ್ಟ ಆಗಿತ್ತಾ?"

ನಾನು ಇಲ್ಲ ಅಂದೆ. ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತಿದ್ದರು. ಸ್ವಲ್ಪ ಹೊತ್ತು ಆದ ಮೇಲೆ, "ನನಗೆ ಮೇಡಂ" ಅಂದರು.

ಮದುವೆಯಾಗಿ ಹದಿನೈದು ವರ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು ಮನೆಯ ಕಷ್ಟಕ್ಕೆ ಅಂತಲೇ ನನಗೆ ಗೊತ್ತಿದ್ದದ್ದು. ಅವರಿಗೆ ಬೋರ್ಡ್ ಓದಲು ಆಗುತ್ತಿರಲಿಲ್ಲವಂತೆ. ಅಕ್ಷರ ಗೊತ್ತು, ಆದರೆ ಸೇರಿಸುವಷ್ಟರಲ್ಲಿ ಮೊದಲಿನದು ಮರೆತು ಹೋಗುತ್ತಿತ್ತಂತೆ. ಈಗಲೂ ಬಾಡಿಗೆಗೆ ಹೋದಾಗ ಅಂಗಡಿಯ ಬೋರ್ಡ್ ಓದುವುದಿಲ್ಲ, ಕೆಳಗಿಳಿದು ಯಾರನ್ನಾದರೂ ಕೇಳುತ್ತಾರೆ. ಬ್ಯಾಂಕಿನ ಫಾರಂ ಬಂದರೆ ಕನ್ನಡಕ ಮರೆತೆ ಅನ್ನುತ್ತಿದ್ದರು. ಅವರಿಗೆ ಕನ್ನಡಕವೇ ಇಲ್ಲ. ನಾನು ಅದನ್ನು ಯೋಚನೆ ಮಾಡಿಯೇ ಇರಲಿಲ್ಲ.

ಮೇಡಂ ನಮ್ಮ ಮನೆಯವರಿಗೆ ಕುರ್ಚಿ ಕೊಟ್ಟರು. ಇದು ರಕ್ತದಲ್ಲಿ ಬರುವುದು ಸಾಮಾನ್ಯ, ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಇರುವ ಸಾಧ್ಯತೆ ಜಾಸ್ತಿ, ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿದರು. ನಮ್ಮ ಮನೆಯವರು ತಲೆ ತಗ್ಗಿಸಿ ಕೇಳಿದರು. ಮನೆಗೆ ಬರುವಾಗ ದಾರಿ ಪೂರ್ತಿ ಮಾತಾಡಲಿಲ್ಲ. ರಾತ್ರಿ ಮಗನ ಪಕ್ಕ ಮಲಗಿ ಅವನಿಗೆ ಅದನ್ನೇ ಹೇಳುತ್ತಿದ್ದರು, ಗೋಡೆಯ ಆಚೆ ನನಗೆ ಕೇಳಿಸಿತು. "ನನಗೂ ಹಂಗೇ ಆಗ್ತಿತ್ತು ನೋಡಪಾ." ಆ ದಿನದಿಂದ ಮನೆಯಲ್ಲಿ ಹೊಡೆಯುವುದು ನಿಂತಿತು.

ನನಗೆ ಈ ಕ್ಲಾಸಿನ ಮೇಲೆ ನಂಬಿಕೆ ಬಂದದ್ದು ಇನ್ನೊಂದು ಮಾತಿನಿಂದ. ಇವನಿಗೆ ಏನಾಗಿದೆ ಹೇಳಿ ಅಂತ ಚಿಕ್ಕ ಮೇಡಂನ ಕೇಳಿದೆ. "ನಾನು ಡಾಕ್ಟರ್ ಅಲ್ಲಮ್ಮ. ಹೆಸರು ಹೇಳೋದು ನನ್ನ ಕೆಲಸ ಅಲ್ಲ. ಮೊದಲು ಪರೀಕ್ಷೆ ಮಾಡಿಸಿ" ಅಂದರು. ಹತ್ತು ನಿಮಿಷ ನೋಡಿ ಇದು ಡಿಸ್ಲೆಕ್ಸಿಯಾ (ಓದು ಕೂಡದ ತೊಂದರೆ), ಆರು ತಿಂಗಳ ಕೋರ್ಸ್ ತಗೊಳ್ಳಿ ಅಂತ ಯಾರಾದರೂ ಅಂದರೆ ಅಲ್ಲಿ ನಿಲ್ಲಬೇಡಿ. ಇನ್ನೊಂದು ವಿಷಯ ಕೇಳಿ: ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಅದರಲ್ಲಿ ನೋಂದಣಿ ಇದೆಯಾ ಅಂತ. ವಿಶೇಷ ಶಿಕ್ಷಕರಿಗೆ ಆ ನೋಂದಣಿ ನಂಬರ್ ಇರುತ್ತದೆ. ಚಿಕ್ಕ ಮೇಡಂ ಕೇಳದೆಯೇ ಸರ್ಟಿಫಿಕೇಟ್ ತೋರಿಸಿದರು.

ಕಣ್ಣು, ಕಿವಿ ಎರಡೂ ಇಲ್ಲೇ ತೋರಿಸಿದೆವು. ಸರಿ ಇದ್ದವು. ಆಮೇಲೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಮನಶ್ಶಾಸ್ತ್ರಜ್ಞರು ಮೊದಲು ಬುದ್ಧಿಶಕ್ತಿಯ ಪರೀಕ್ಷೆ ಮಾಡಿದರು, ಆಮೇಲೆ ಓದು, ಕೇಳಿ ಬರೆಯುವುದು, ಲೆಕ್ಕ, ಗಮನ. ಒಂದೇ ದಿನದಲ್ಲಿ ಮುಗಿಯಲಿಲ್ಲ. ಬುದ್ಧಿ ಅವನ ವಯಸ್ಸಿನ ಎಲ್ಲ ಮಕ್ಕಳ ಹಾಗೇ ಇದೆ, ಓದು ಬರಹದಲ್ಲಿ ಮಾತ್ರ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ ಅಂತ ರಿಪೋರ್ಟ್ ಬಂತು. ಗಮನವೂ ಬೇಗ ಚದುರುತ್ತದೆ, ಆದರೆ ಅದು ಓದಲು ಆಗದ ಬೇಸರದಿಂದಲೂ ಇರಬಹುದು, ಕಲಿಸುತ್ತಾ ನೋಡೋಣ ಅಂದರು. ಮಾತ್ರೆ ಏನಾದರೂ ಇದೆಯಾ ಅಂತ ನಮ್ಮ ಮನೆಯವರು ಕೇಳಿದರು. ಓದು ಬರಿಸುವ ಮಾತ್ರೆ ಇಲ್ಲ, ಗಮನದ ತೊಂದರೆ ಜಾಸ್ತಿ ಇರುವ ಕೆಲವು ಮಕ್ಕಳಿಗೆ ಡಾಕ್ಟರ್ ನೋಡಿ ಔಷಧಿ ಕೊಡುತ್ತಾರೆ, ಇವನಿಗೆ ಈಗ ಬೇಡ ಅಂದರು.

ಇನ್ನು ಕ್ಲಾಸಿನ ಒಳಗಿನ ವಿಷಯಕ್ಕೆ ಬರುತ್ತೇನೆ.

ವಾರಕ್ಕೆ ಮೂರು ದಿನ, ಸಂಜೆ ಐದರಿಂದ ಆರರವರೆಗೆ. ಒಂದು ಹೊತ್ತಿಗೆ ನಾಲ್ಕೇ ಮಕ್ಕಳು, ಇಬ್ಬರು ಮೇಡಂ. ಕೆಳಗೆ ಚಾಪೆ, ಮುಂದೆ ಸಣ್ಣ ಮಣೆ. ಗೋಡೆಯ ಮೇಲೆ ಚಾರ್ಟ್, ಬಣ್ಣದ ಚಿತ್ರ ಏನೂ ಇಲ್ಲ. ಮೊದಲು ನನಗೆ ಬಡಕಲು ಅನ್ನಿಸಿತ್ತು. ಕಣ್ಣು ಅತ್ತಿತ್ತ ಹರಿಯಬಾರದು ಅಂತ ಬೇಕೆಂದೇ ಗೋಡೆ ಖಾಲಿ ಬಿಟ್ಟಿದ್ದಾರಂತೆ.

ಅವರು ಅ, ಆ, ಇ, ಈ ಇಂದ ಶುರು ಮಾಡಲಿಲ್ಲ. "ರ ಗ ಸ ದ" ಇಂದ ಮಾಡಿದರು, ನಮ್ಮ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿಕಲಿ ಪದ್ಧತಿಯಲ್ಲಿ ಇರುವ ಹಾಗೆ. ಸುಲಭದ ನಾಲ್ಕು ಅಕ್ಷರ ಬಂದ ಕೂಡಲೇ ಮಗು "ಸರ", "ಗರಗಸ" ಅಂತ ನಿಜವಾದ ಪದ ಓದಬಹುದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ನನ್ನ ಮಗ ನಾಲ್ಕನೇ ಕ್ಲಾಸಿನ ಹುಡುಗ, "ರ" ಇಂದ ಶುರು ಮಾಡಲು ನಾಚಿಕೆಪಟ್ಟ. ದೊಡ್ಡ ಮೇಡಂ ಬಾಗಿಲು ಹಾಕಿಕೊಂಡರು. ಇಲ್ಲಿ ಏನು ಕಲೀತೀವಿ ಅಂತ ಹೊರಗೆ ಯಾರಿಗೂ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟರು. ಅವನ ಒಪ್ಪಿಗೆ ಕೇಳಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಪ್ರತಿ ಅಕ್ಷರವನ್ನೂ ಕಣ್ಣಲ್ಲಿ ನೋಡಿ, ಬಾಯಲ್ಲಿ ಹೇಳಿ, ಬೆರಳಲ್ಲಿ ತಿದ್ದಿ ಕಲಿಯುವುದು. ತಟ್ಟೆಯಲ್ಲಿ ಮರಳು ಹಾಕಿ ತಿದ್ದಿಸುತ್ತಿದ್ದರು. ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಅನ್ನುವ ಡಾಕ್ಟರ್, ಆನಾ ಗಿಲ್ಲಿಂಗ್‌ಹ್ಯಾಮ್ ಅನ್ನುವ ಟೀಚರ್ 1930ರ ದಶಕದಲ್ಲೇ ಇಂಗ್ಲಿಷ್ ಕಲಿಸಲು ಈ ದಾರಿ ಹಾಕಿದ್ದರಂತೆ. ಚಿಕ್ಕ ಮೇಡಂ ಅದನ್ನು ನಮ್ಮ ಕಾಗುಣಿತಕ್ಕೆ ಹೊಂದಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಮರಳು ಒದ್ದೆಯಾಗಿ ಕೈಗೆ ಮೆತ್ತುತ್ತಿತ್ತು. ಅದನ್ನು ನೋಡಿ ನಾನು ಯೂನಿಟ್‌ನಲ್ಲಿ ಉಳಿದ ದಪ್ಪ ಡೆನಿಮ್ ಚೂರು ತಂದು ಅಂಗೈ ಅಗಲದ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿಕೊಟ್ಟೆ. ಜೀನ್ಸ್ ಬಟ್ಟೆ ಒರಟು, ಬೆರಳಿಗೆ ಚೆನ್ನಾಗಿ ಹತ್ತುತ್ತದೆ. ಈಗ ಹನ್ನೆರಡೂ ಮಕ್ಕಳು ಅದನ್ನೇ ತಿದ್ದುತ್ತಾರೆ. "ಮ" ಕತ್ತರಿಸುವಾಗ, "ಯ" ಕತ್ತರಿಸುವಾಗ ನನಗೇ ಗೊತ್ತಾಯಿತು, ಎರಡಕ್ಕೂ ಎಷ್ಟು ಕಡಿಮೆ ವ್ಯತ್ಯಾಸ ಅಂತ. ಅವೆರಡನ್ನೂ ಇಲ್ಲಿ ಒಟ್ಟಿಗೆ ಕಲಿಸುವುದಿಲ್ಲ. "ಮ" ಪೂರ್ತಿ ಗಟ್ಟಿಯಾಗಿ, ಮೂರು ವಾರ ಕಳೆದ ಮೇಲೆ "ಯ" ಬಂತು.

"ಸೂರ್ಯ" ಯಾಕೆ "ಸೂಯರ" ಆಗುತ್ತಿತ್ತು ಅನ್ನುವುದನ್ನು ಚಿಕ್ಕ ಮೇಡಂ ನನಗೆ ಬರೆದು ತೋರಿಸಿದರು. ಅರ್ಕಾವೊತ್ತು ನೋಡಿ. "ಯ" ಆದ ಮೇಲೆ ಬರೆಯುತ್ತೇವೆ, ಆದರೆ "ಯ"ಕ್ಕಿಂತ ಮೊದಲು ಓದುತ್ತೇವೆ. ನನ್ನ ಮಗ ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದ್ದ. ಅದಕ್ಕೆ ಎರಡು ವರ್ಷ ಬೈಸಿಕೊಂಡಿದ್ದ. ಆ ಗುರುತು ಬಂದಾಗಲೆಲ್ಲ ಅದರ ಕೆಳಗೆ ಹಿಂದಕ್ಕೆ ಹೋಗುವ ಸಣ್ಣ ಬಾಣ ಹಾಕಲು ಕಲಿಸಿದರು. ಎರಡು ತಿಂಗಳು ಹಾಕಿದ. ಈಗ ಬೇಕಾಗಿಲ್ಲ.

ಅರ್ಧ ಕೆಲಸ ಕಿವಿಯದು. ಪುಸ್ತಕ ಇಲ್ಲದೆ, ಬರೀ ಬಾಯಿಮಾತಲ್ಲಿ. "ಕಮಲದಲ್ಲಿ ಕ ತೆಗೆದರೆ ಏನು ಉಳೀತು?" "ಮಲ." "ಅದರ ಮುಂದೆ ವಿ ಹಾಕು." "ವಿಮಲ." ಮೊದಲ ತಿಂಗಳು ಅವನಿಗೆ ಇದು ಬರುತ್ತಲೇ ಇರಲಿಲ್ಲ. ಪದ ಅವನಿಗೆ ಒಂದೇ ಗಟ್ಟಿ ಉಂಡೆಯ ಹಾಗೆ ಕೇಳಿಸುತ್ತಿತ್ತು, ಒಳಗೆ ತುಂಡುಗಳಿವೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಚಪ್ಪಾಳೆ ಹೊಡೆದು ಹೊಡೆದು ತುಂಡು ಮಾಡಿದರು. ಇದಕ್ಕೆ ದುಡ್ಡೂ ಬೇಡ, ಪುಸ್ತಕವೂ ಬೇಡ. ರೊಟ್ಟಿ ಬಡಿಯುತ್ತಾ ನಾನು ಮನೆಯಲ್ಲೂ ಆಡಿಸುತ್ತೇನೆ.

ಗಮನದ ವಿಷಯಕ್ಕೆ ಅವರು ಮಾಡುವುದು ನಮ್ಮ ಯೂನಿಟ್‌ನ ಪದ್ಧತಿಯೇ. ನಮ್ಮಲ್ಲಿ ಯಾರೂ ಒಬ್ಬರೇ ಪೂರ್ತಿ ಪ್ಯಾಂಟ್ ಹೊಲಿಯುವುದಿಲ್ಲ. ಒಬ್ಬರಿಗೆ ಜೇಬಿನ ಬಂಡಲ್, ಒಬ್ಬರಿಗೆ ಬೆಲ್ಟ್ ಪಟ್ಟಿ, ಒಬ್ಬರಿಗೆ ಲೂಪ್. ಇಲ್ಲಿ ಒಂದು ಗಂಟೆಯನ್ನು ಹಾಗೆ ಬಂಡಲ್ ಮಾಡುತ್ತಾರೆ. ಹತ್ತು ನಿಮಿಷ ತಿದ್ದುವುದು, ಹತ್ತು ನಿಮಿಷ ಕಿವಿಯ ಕೆಲಸ. ಆಮೇಲೆ ಎದ್ದು ಕೆಳಗಿನಿಂದ ಒಂದು ತಂಬಿಗೆ ನೀರು ತರಬೇಕು. ಅದು ಬಿಡುವು ಅಂತ ಮಕ್ಕಳಿಗೆ ಗೊತ್ತಿಲ್ಲ, ಕೆಲಸ ಅಂದುಕೊಂಡು ಖುಷಿಯಿಂದ ಓಡುತ್ತಾರೆ. ಮತ್ತೆ ಹತ್ತು ನಿಮಿಷ ಓದು. ಟೈಮರ್ ಎದುರಿಗೇ ಇರುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಾರೆ. "ಪುಸ್ತಕ ತೆಗಿ." ತೆಗೆದ ಮೇಲೆ "ಹನ್ನೆರಡನೇ ಪುಟ." ನಾನು ಮನೆಯಲ್ಲಿ ಒಂದೇ ಉಸಿರಿನಲ್ಲಿ "ಶೂ ಬಿಚ್ಚು, ಕೈ ತೊಳಿ, ಡಬ್ಬಿ ಸಿಂಕಿಗೆ ಹಾಕು, ಹೋಂವರ್ಕ್ ತೆಗಿ" ಅನ್ನುತ್ತಿದ್ದೆ. ಅವನು ಶೂ ಬಿಚ್ಚಿ ನಿಂತಿರುತ್ತಿದ್ದ. ಮಾತು ಕೇಳಲ್ಲ ಅಂತ ನಾನು ಬೈಯುತ್ತಿದ್ದೆ. ಉಳಿದ ಮೂರು ಅವನ ತಲೆಯಲ್ಲಿ ನಿಂತೇ ಇರುತ್ತಿರಲಿಲ್ಲ.

ಓದುವಾಗ ಸಾಲು ತಪ್ಪದಿರಲಿ ಅಂತ ಪ್ಯಾಟರ್ನ್ ರಟ್ಟಿನಲ್ಲಿ ಒಂದೇ ಸಾಲು ಕಾಣುವ ಕಿಂಡಿ ಕೊರೆದುಕೊಟ್ಟಿದ್ದೇನೆ. ಅದೂ ಚಿಕ್ಕ ಮೇಡಂ ಹೇಳಿಕೊಟ್ಟಿದ್ದೇ.

ಈಗ ಶಾಲೆಯ ಮಾತು. ಬೇರೆ ಕ್ಲಾಸುಗಳಿಗಿಂತ ಇದು ಬೇರೆ ಅನ್ನಲು ನನಗೆ ಇದೇ ದೊಡ್ಡ ಕಾರಣ. ವಾರಕ್ಕೆ ಮೂರು ಗಂಟೆ ಇಲ್ಲಿ ಕೂತು, ಉಳಿದ ಮೂವತ್ತು ಗಂಟೆ ಶಾಲೆಯಲ್ಲಿ ಅವಮಾನ ಆಗುತ್ತಿದ್ದರೆ ಏನು ಬಂತು? ಚಿಕ್ಕ ಮೇಡಂ ಒಂದು ಪುಟದ ಕಾಗದ ಬರೆದುಕೊಟ್ಟರು. ಮುಂದಿನ ಬೆಂಚಿನಲ್ಲಿ, ಕಿಟಕಿಯಿಂದ ದೂರ ಕೂರಿಸಿ. ಮೊದಲೇ ಹೇಳದೆ ಎಲ್ಲರ ಮುಂದೆ ಎಬ್ಬಿಸಿ ಓದಿಸಬೇಡಿ. ಬೋರ್ಡಿನದನ್ನು ಪೂರ್ತಿ ಬರೆಸುವ ಬದಲು ಅಕ್ಕಪಕ್ಕದವರ ನೋಟ್ಸ್ ಝೆರಾಕ್ಸ್ ಕೊಡಿ. ಪರಿಸರದ ಪಾಠದ ಉತ್ತರವನ್ನು ಬಾಯಲ್ಲಿ ಕೇಳಿ. ಇಷ್ಟೇ.

ಹಳೇ ಶಾಲೆಯವರು ಕಾಗದ ಓದಿ, ಇಂಥ ಮಕ್ಕಳನ್ನು ಬೇರೆ ಶಾಲೆಗೆ ಹಾಕಿ ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ದೊಡ್ಡ ಮೇಡಂ ಹೇಳಿದ ಮೇಲೆ ನಮ್ಮ ಓಣಿಯ ಸರ್ಕಾರಿ ಶಾಲೆಗೆ, ಕನ್ನಡ ಮಾಧ್ಯಮಕ್ಕೆ ಹಾಕಿದೆವು. ಮನೆಮಾತಲ್ಲಿ ಮೊದಲು ಓದು ಕೂಡಲಿ, ಇಂಗ್ಲಿಷ್ ಆಮೇಲೆ ಬರುತ್ತದೆ ಅಂದರು. ಅಲ್ಲಿನ ಮೇಷ್ಟ್ರು ಕಾಗದ ಓದಿ ಮಡಚಿ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡರು. ಇವತ್ತಿಗೂ ಅಲ್ಲೇ ಇದೆ. ಬಿಇಒ ಆಫೀಸಿನ ಕಡೆಯಿಂದ ಬಿಐಇಆರ್‌ಟಿ ಅಂತ ವಿಶೇಷ ಅಗತ್ಯದ ಮಕ್ಕಳಿಗೆ ಸಂಪನ್ಮೂಲ ಶಿಕ್ಷಕರು ಇರುತ್ತಾರೆ ಅನ್ನುವುದು ನಮಗೆ ತಿಳಿದದ್ದೂ ಆ ಮೇಷ್ಟ್ರಿಂದಲೇ. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಮುಖ್ಯ ಶಿಕ್ಷಕರನ್ನು ಅವರ ಬಗ್ಗೆ ಕೇಳಿ.

ಕಾನೂನಿನ ವಿಷಯ ಇಷ್ಟು ನೆನಪಿಟ್ಟುಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿದೆ. ಗಮನದ ತೊಂದರೆ, ಅಂದರೆ ಎಡಿಎಚ್‌ಡಿ, ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ಹಾಗಾಗಿ ಎರಡೂ ಇರುವ ಮಗುವಿಗೆ ಕಲಿಕೆಯ ಪರೀಕ್ಷೆ ಬಿಡದೆ ಮಾಡಿಸಬೇಕು. ಈ ನ್ಯೂನತೆಯ ಸರ್ಟಿಫಿಕೇಟ್ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ, ಬರೆಯಲು ಇನ್ನೊಬ್ಬರ ನೆರವು ಕೇಳಬೇಕಾದರೆ ಆ ಕಾಗದವೇ ಆಧಾರ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಆಗುವ ಕೆಲಸ ಅಲ್ಲ. "ಅಂಗವಿಕಲ ಅಂತ ಹೆಸರು ಬೀಳುತ್ತೆ" ಅಂತ ನಮ್ಮ ಅತ್ತೆ ಬೇಡ ಅಂದಿದ್ದರು. ಸೋಮಾರಿ, ದಡ್ಡ ಅಂತ ಆಗಲೇ ಎರಡು ಹೆಸರು ಬಿದ್ದಿದ್ದವಲ್ಲ ಅತ್ತೆ ಅಂದೆ. ಆಮೇಲೆ ಅವರು ಏನೂ ಅನ್ನಲಿಲ್ಲ.

ಕೊರತೆಗಳೂ ಇವೆ, ಹೇಳುತ್ತೇನೆ. ಮಹಡಿಯ ಕೋಣೆ, ಮೇಲೆ ಬಿಸಿಲು ಕಾದ ಛಾವಣಿ, ಒಂದೇ ಫ್ಯಾನ್. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ. ಹೋದ ಬೇಸಿಗೆಯಲ್ಲಿ ಮಕ್ಕಳು ಬೆವತು ಮಣೆಯ ಮೇಲೆ ತಲೆ ಇಡುತ್ತಿದ್ದರು. ಕೂಲರ್ ಹಾಕಿಸಿ ಅಂತ ನಾವು ಪೋಷಕರು ಕೇಳಿದ್ದೇವೆ, ಇನ್ನೂ ಆಗಿಲ್ಲ. ಲೆಕ್ಕದಲ್ಲಿ ತೊಂದರೆ ಇರುವ ಮಕ್ಕಳಿಗೆ ಇದು ಸಾಲದು. ಮಗ್ಗಿ, ಕೂಡು ಕಳೆ ಸ್ವಲ್ಪ ಮಾಡಿಸುತ್ತಾರೆ, ಆದರೆ ಓದಿನಲ್ಲಿರುವ ಹಿಡಿತ ಅದರಲ್ಲಿ ಇಲ್ಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಸಮಯ ಬದಲಿಸುವುದಿಲ್ಲ. ಐದಕ್ಕೆ ಬಿಡಬೇಕು ಅಂದರೆ ನಾನು ಅರ್ಧ ದಿನದ ಪೀಸ್ ಬಿಟ್ಟು ಬರಬೇಕಿತ್ತು, ಈಗ ಮಗಳು ಕರೆದುಕೊಂಡು ಹೋಗುತ್ತಾಳೆ. ಮಗು ಹೇಗೆ ಮಾಡುತ್ತಿದೆ ಅಂತ ಬರೆದು ಕೊಡುವುದು ಮೂರು ತಿಂಗಳಿಗೆ ಒಂದೇ ಸಲ, ಅದೂ ಕೇಳಿದರೆ. ಸೀಟಿಗಾಗಿ ನಾವು ಎರಡು ತಿಂಗಳು ಕಾದೆವು. ಮಾತು ಬಾರದ, ಆಟಿಸಂ ಇರುವ ಮಕ್ಕಳನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ. ನಮಗೆ ಅದು ಬರಲ್ಲ ಅಂತ ನೇರವಾಗಿ ಹೇಳಿ ಸರ್ಕಾರಿ ಆಸ್ಪತ್ರೆಯ ಕಡೆ ಕಳಿಸುತ್ತಾರೆ. ಅಂಗನವಾಡಿಗೆ, ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡ ಬರುತ್ತದಲ್ಲ, 18 ವರ್ಷದವರೆಗಿನ ಮಕ್ಕಳನ್ನು ಅವರು ನೋಡುತ್ತಾರೆ. ಕಲಿಕೆ, ಗಮನದ ತೊಂದರೆಯೂ ಅವರ ಪಟ್ಟಿಯಲ್ಲಿದೆ. ತೂಕ ಅಳೆದು ಕಳಿಸುವ ದಿನ ಅಂತ ಸುಮ್ನೆ ಬಿಡಬೇಡಿ, ಬಾಯಿ ಬಿಟ್ಟು ಹೇಳಿ.

ಫೀಸು ತಿಂಗಳಿಗೆ ಸಾವಿರದ ಐನೂರು. ನನ್ನ ಮೂರು ದಿನದ ದುಡಿಮೆ. ಮೊದಲಿನ ಮೂರು ಟ್ಯೂಷನ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ, ಆದರೆ ಒಂದು ತಿಂಗಳೂ ಇದು ದಂಡ ಅನ್ನಿಸಿಲ್ಲ.

ಫಲ ಏನು ಅಂತ ಕೇಳುತ್ತೀರಿ. ಮಾರ್ಕ್ಸ್ ನೋಡಿ ಹೇಳುವಂಥದ್ದೇನೂ ಇಲ್ಲ. ಐದನೇ ಕ್ಲಾಸಿನ ಪುಸ್ತಕವನ್ನು ಅವನು ಇನ್ನೂ ಒಬ್ಬನೇ ಓದಲಾರ. ಮೂರನೇ ಕ್ಲಾಸಿನದನ್ನು ನಿಧಾನವಾಗಿ ಓದುತ್ತಾನೆ, ಬೆರಳಿಟ್ಟು. ಬರಹದಲ್ಲಿ ಒತ್ತಕ್ಷರ ಈಗಲೂ ತಪ್ಪುತ್ತದೆ. ಆದರೆ ಮೊದಲು ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದ, ಅದು ಹೋಗಿದೆ. ಕ್ಲಾಸು ಬಿಟ್ಟು ಬರುವಾಗ ಒಗ್ಗರಣೆ ಮಿರ್ಚಿ ಗಾಡಿಯ ಹತ್ತಿರ ನಿಂತು ರೇಟಿನ ಬೋರ್ಡ್ ಓದಿ ಅಕ್ಕನಿಗೆ ಹೇಳುತ್ತಾನಂತೆ. ಭಾನುವಾರ ಅಪ್ಪನ ಆಟೋದಲ್ಲಿ ಮುಂದೆ ಕೂತು ಹೋಗುತ್ತಾನೆ. ಮೋತಿ ಸರ್ಕಲ್ ದಾಟಿದ ಮೇಲೆ ಅಂಗಡಿಯ ಹೆಸರನ್ನು ಅವನೇ ಓದಿ ಇಲ್ಲಿ ನಿಲ್ಲಿಸಪ್ಪಾ ಅಂದ ಅಂತ ನಮ್ಮ ಮನೆಯವರು ಬಂದು ಹೇಳಿದಾಗ ನನ್ನ ಕೈಯಲ್ಲಿದ್ದ ಬಾಬಿನ್ ಕೆಳಗೆ ಬಿತ್ತು.

ನೀವು ಇಂಥ ಕಡೆ ಮಗುವನ್ನು ಕರೆದುಕೊಂಡು ಹೋಗುವುದಾದರೆ ಕಣ್ಣು, ಕಿವಿ ತೋರಿಸಿದ ಚೀಟಿ ಇಟ್ಟುಕೊಳ್ಳಿ. ಹಳೇ ನೋಟ್‌ಬುಕ್ ಎಸೆಯಬೇಡಿ, ತಪ್ಪು ಇರುವ ಪುಟಗಳೇ ಅವರಿಗೆ ಬೇಕಾದದ್ದು. ಚೆನ್ನಾಗಿ ಬರೆದ ಪುಟ ತೋರಿಸಬೇಕು ಅಂತ ನಾನು ಮೊದಲ ದಿನ ಹರಿದ ನೋಟ್‌ಬುಕ್‌ಗಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮತ್ತೆ ಹೋಗಿ ತರಬೇಕಾಯಿತು. ಹೊಸ ಮಕ್ಕಳನ್ನು ಜೂನ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಏಪ್ರಿಲ್‌ನಲ್ಲೇ ಕೇಳಿಡಬೇಕು. ಮಗು ಮೊದಲ ದಿನ ಒಳಗೆ ಬರಲ್ಲ ಅಂದರೆ ಎಳೆದುಕೊಂಡು ಹೋಗಬೇಡಿ. ನನ್ನ ಮಗ ಕ್ಲಾಸು ಶುರುವಾದ ದಿನ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದ. ದೊಡ್ಡ ಮೇಡಂ ಒಂದು ಪುಟ್ಟಿಯಲ್ಲಿ ಶೇಂಗಾ ತಂದು ಅವನ ಪಕ್ಕ ಕೂತು ಬಿಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ಅವನೂ ಬಿಡಿಸಿದ. ಆ ಒಂದು ಗಂಟೆ ಓದಿನ ಮಾತೇ ಬರಲಿಲ್ಲ. ಮಾರನೇ ಸಲ ಅವನೇ ಮೆಟ್ಟಿಲು ಹತ್ತಿ ಹೋಗಿ, ಪುಟ್ಟಿ ಎಲ್ಲಿ ಅಂತ ಕೇಳಿದನಂತೆ.